ಇಲ್ಫರ್ಡಿನ ಸೋಲೂ ಚಾಂಪಿಯನ್ ರೀಫ್ಸಿನ ಜಗಲಿಯೂ

ಇಲ್ಫರ್ಡ್ ಎಂಬ ಊರಿನ ಹೆಸರನ್ನು ನಾನು ಮೊದಲು ಕೇಳಿದ್ದು ಯಾವ ಪುಸ್ತಕದಿಂದಲೂ ಅಲ್ಲ. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ, ಒಂದು ಲೈನು ಮನೆಯ ಜಗಲಿಯ ಮೇಲೆ ಕುಳಿತು. ಆಗ ನಾನು ಎಂ.ಎ. ಓದುತ್ತಿದ್ದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ ಒಂದು ವರ್ಷದ ಮೇಲಾಗಿತ್ತು. ಗಣಿಯವರ ಆಡುಮಾತಿನಲ್ಲಿ ಸೇರಿಹೋಗಿರುವ ತಮಿಳು, ತೆಲುಗು, ಇಂಗ್ಲಿಷು ಪದಗಳನ್ನು ಕಲೆಹಾಕಬೇಕೆಂಬ ಹುಚ್ಚು ಹಿಡಿದು, ಬಂಗಾರಪೇಟೆಯ ನಮ್ಮ ಮನೆಯಿಂದ ಪ್ರತಿ ಭಾನುವಾರ ಮಾರಿಕುಪ್ಪಂ ರೈಲು ಹತ್ತುತ್ತಿದ್ದೆ. ಆ ಜಗಲಿಯ ಹಿರಿಯರು ನಿವೃತ್ತ ಗಣಿ ಕಾರ್ಮಿಕರು, ಅರವತ್ತೈದರ ಆಸುಪಾಸಿನವರು. ಸುರಂಗದೊಳಗಿನ ಕೇಜಿಗೆ ನೀವೇನೆನ್ನುತ್ತಿದ್ದಿರಿ, ಮದ್ದು ಸಿಡಿಸುವವನಿಗೆ ಏನೆಂದು ಹೆಸರು ಎಂದೆಲ್ಲ ನಾನು ಕೇಳಿದರೆ ಅವರು ಎರಡು ಮಾತಿನಲ್ಲಿ ಮುಗಿಸಿ, ತಮಗೆ ಬೇಕಾದ ಕಡೆಗೆ ಮಾತನ್ನು ತಿರುಗಿಸುತ್ತಿದ್ದರು.

"ಅದೆಲ್ಲ ಇರಲಿ ತಂಬಿ. ಎರಡು ಪೆನಾಲ್ಟಿ! ಎರಡೂ ಹೋಯ್ತು. ಒಂದು ಒಳಗೆ ಹೋಗಿದ್ದಿದ್ದರೆ?"

ಯಾವಾಗ, ಎಲ್ಲಿ, ಯಾರ ಮೇಲೆ ಎಂಬುದೇನನ್ನೂ ಅವರು ಹೇಳಲಿಲ್ಲ. ನನಗೆ ಗೊತ್ತಿರಲೇಬೇಕೆಂಬುದು ಅವರ ಭಾವನೆ. ಮೊನ್ನೆ ನಡೆದ ಪಂದ್ಯವೆಂದು ನಾನು ಎಣಿಸಿದೆ. ವಿಚಾರಿಸಿದಾಗ ತಿಳಿಯಿತು: ಅದು 1948ರ ಜುಲೈ 31ರ ಮಾತು, ಅವರಿಗಾಗ ಹನ್ನೊಂದು ವರ್ಷ. ಅವರು ಆಟವನ್ನು ಕಂಡವರಲ್ಲ, ರೇಡಿಯೋದಲ್ಲಿ ಕೇಳಿದವರೂ ಅಲ್ಲ. ಅವರ ತಂದೆ ಪಾಳಿ ಮುಗಿಸಿ ಬಂದು, ಯಾರೋ ಓದಿ ಹೇಳಿದ ಪತ್ರಿಕೆಯ ಸುದ್ದಿಯನ್ನು ಮನೆಯಲ್ಲಿ ಹೇಳಿದರಂತೆ. ಹೇಳಿ ಊಟ ಮಾಡದೆ ಮಲಗಿದರಂತೆ. ಅಂದಿನಿಂದ ಆ ಸೋಲು ಆ ಮನೆಯ ಸ್ವತ್ತಾಯಿತು.

ಪಂದ್ಯದ ವಿವರವನ್ನು ದಾಖಲೆಯಲ್ಲಿರುವಂತೆ ಮೊದಲು ಹೇಳಿಬಿಡುತ್ತೇನೆ. ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಕಾಲ್ಚೆಂಡಿನ ತಂಡಕ್ಕೆ ಎದುರಾದದ್ದು ಫ್ರಾನ್ಸು. ಆಟ ನಡೆದದ್ದು ಲಂಡನ್ನಿನ ಅಂಚಿನ ಇಲ್ಫರ್ಡಿನಲ್ಲಿ. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ನಾಯಕ ನಾಗಾ ನಾಡಿನ ವೈದ್ಯ ತಾಲಿಮೆರೆನ್ ಆವ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಆಡಿದವರು. ಮೂವತ್ತನೆಯ ನಿಮಿಷದಲ್ಲಿ ಫ್ರಾನ್ಸಿನ ಕೂರ್ಬಾ ಗೋಲು ಹೊಡೆದ. ಎಪ್ಪತ್ತನೆಯ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ದೊರೆತ ಮೊದಲ ಗೋಲು ಅದು. ಆಟ ಮುಗಿಯಲು ಒಂದು ನಿಮಿಷವಿದ್ದಾಗ ಪೆರ್ಸಿಯೋ ಎಂಬುವನು ಎರಡನೆಯದನ್ನು ಹೊಡೆದ. 2–1. ನಡುವೆ ನಮಗೆ ಎರಡು ಪೆನಾಲ್ಟಿಗಳು ಸಿಕ್ಕಿದ್ದವು. ಸೈಲೆನ್ ಮನ್ನಾ ಒಂದನ್ನು, ಮಹಾಬೀರ್ ಪ್ರಸಾದ್ ಒಂದನ್ನು ಕಳೆದುಕೊಂಡರು. ಹಿರಿಯರು ಹೇಳಿದ್ದರಲ್ಲಿ ಇಷ್ಟೂ ಸರಿಯಾಗಿತ್ತು.

ಆದರೆ ರಾಮನ್ "ನಮ್ಮ ಕೆ.ಜಿ.ಎಫ್. ಆಳು" ಎಂದು ಅವರು ಸಾಧಿಸುತ್ತಿದ್ದರು. ಅಲ್ಲ, ಅವರು ಬೆಂಗಳೂರಿನವರು ಎಂದು ನಾನು ಹೇಳಿದ ದಿನ ಅವರು ನನಗೆ ಕಾಫಿ ಕೊಡಿಸಲಿಲ್ಲ! ಈ ತಪ್ಪಿಗೂ ಒಂದು ಕಾರಣವಿದೆ. ಆ ತಂಡದಲ್ಲಿ ಮೈಸೂರು ಸಂಸ್ಥಾನದ ಪಾಲು ಸಣ್ಣದಾಗಿರಲಿಲ್ಲ. ರಾಮನ್, ಅಹಮದ್ ಖಾನ್, ಧನರಾಜ್, ಗೋಲು ಕಾಯುತ್ತಿದ್ದ ವರದರಾಜ್ – ಇವರೆಲ್ಲ ಇಲ್ಲಿಯವರು. ಬೆಂಗಳೂರು ದಂಡಿನ ಮೈದಾನಗಳಲ್ಲಿ ಬಿಳಿಯ ಸಿಪಾಯಿಗಳ ಪಡೆಗಳ ಎದುರು ಆಡಿ ಬೆಳೆದ ಪರಂಪರೆಯವರು. ಅದೇ ದಂಡಿನ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಸೈನ್ಯಕ್ಕೆ ಸೇರದ ಭಾರತೀಯರು ಅದನ್ನು ಗೆಲ್ಲಬಹುದೆಂದು ಮೊದಲ ಸಲ ತೋರಿಸಿಕೊಟ್ಟಿತ್ತು. ಮರುವರ್ಷ ಮತ್ತೆ ಗೆದ್ದಿತು. ಬೆಂಗಳೂರಿನ ದಂಡಿಗೂ ಗಣಿಗೂ ಮಾತು ಒಂದೇ, ನೆಂಟಸ್ತಿಕೆಯೂ ಉಂಟು. ನಡುವೆ ಎರಡು ಮೂರು ಗಂಟೆಯ ರೈಲು ದಾರಿ ಅಷ್ಟೆ. ದಂಡಿನ ಆಟಗಾರನನ್ನು ಗಣಿಯವರು ತಮ್ಮವನೆಂದುಕೊಂಡರೆ ಅದನ್ನು ಪೂರ್ತಿ ಸುಳ್ಳೆನ್ನಲಾಗದು.

ಗಣಿಯ ಊರನ್ನು ನೋಡದವರಿಗೆ ಬರಿಗಾಲಿನ ಮಾತು ಅಷ್ಟೇಕೆ ತಾಗುತ್ತದೆಂಬುದು ತಿಳಿಯಲಾರದು. 1880ರಿಂದ ಮೊದಲ್ಗೊಂಡು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷರ ಸಂಸ್ಥೆ ಈ ಗಣಿಗಳನ್ನು ನಡೆಸಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ದೊರೆಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಊರಿಗೆ 'ಪುಟ್ಟ ಇಂಗ್ಲೆಂಡ್' ಎಂಬ ಹೆಸರು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದ ಕೂಲಿಕಾರರಿಗೆ ತಟ್ಟಿಯ ಗೋಡೆಯ ಸಾಲುಮನೆಗಳು. ಎದುರಿಗೆ ಅದುರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ದಿಬ್ಬಗಳು. ಸಯನೈಡ್ ದಿಬ್ಬಗಳೆಂದೇ ಅವಕ್ಕೆ ಹೆಸರು. ಬೇಸಿಗೆಯ ಗಾಳಿಗೆ ಆ ಪುಡಿ ಎದ್ದು ಅನ್ನದ ತಟ್ಟೆಗೂ ಬೀಳುತ್ತದೆ. ಆ ದಿಬ್ಬಗಳ ಬುಡದ ಗಟ್ಟಿ ನೆಲದಲ್ಲಿ ಹುಡುಗರು ಚೆಂಡು ಒದೆಯುತ್ತಿದ್ದರು. ಬೂಟ್ಸು ಎಂಬುದು ಅಲ್ಲಿ ಆಟದ ಸಾಮಗ್ರಿಯಲ್ಲ, ಅಂತಸ್ತಿನ ಗುರುತು. "ಬೂಟ್ಸು ಹಾಕ್ಕೊಂಡವನು ಬಂದರೆ ನಮ್ಮಪ್ಪ ಬೀಡಿ ಬಿಸಾಕಿ ಎದ್ದು ನಿಲ್ಲೋನು" ಎಂದು ಹಿರಿಯರು ಒಮ್ಮೆ ಹೇಳಿದರು.

ಎದ್ದು ನಿಲ್ಲುವುದನ್ನೇ ಕಲಿತವರೆಂದು ಮಾತ್ರ ಅವರನ್ನು ತಿಳಿಯಬಾರದು. 1930ರಲ್ಲಿ ಹೆಬ್ಬೆಟ್ಟಿನ ಗುರುತು ಕೊಟ್ಟು ಹೆಸರು ಬರೆಸಬೇಕೆಂದು ಸಂಸ್ಥೆಯವರು ಕಟ್ಟಳೆ ಮಾಡಿದಾಗ, ನಾವೇನು ಅಪರಾಧಿಗಳೇ ಎಂದು ಸಹಸ್ರಾರು ಜನ ಕೆಲಸ ಬಿಟ್ಟು ಕುಳಿತರು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಆ ಗಾಯ ಹಸಿಯಾಗಿರುವಾಗಲೇ, ಗಣಿ ಇನ್ನೂ ಇಂಗ್ಲಿಷರ ಕೈಯಲ್ಲೇ ಇರುವಾಗ – ಅದು ಮೈಸೂರು ಸರ್ಕಾರಕ್ಕೆ ಬಂದದ್ದು 1956ರಲ್ಲಿ – ಇಂಗ್ಲಿಷರ ರಾಜಧಾನಿಯಲ್ಲಿ, ಬೂಟ್ಸು ಹಾಕಿದ ಐರೋಪ್ಯರ ಎದುರು, ಬರಿಗಾಲಿನವರು ಎಂಬತ್ತೊಂಬತ್ತು ನಿಮಿಷ ಸರಿಸಮನಾಗಿ ನಿಂತರೆಂಬ ಸುದ್ದಿ ಬಂತು. ಆ ತಂದೆ ಊಟ ಬಿಟ್ಟು ಮಲಗಿದ್ದು ನನಗೆ ವಿಚಿತ್ರವಾಗಿ ತೋರುವುದಿಲ್ಲ.

ಇಲ್ಲಿ ಒಂದು ತಕರಾರನ್ನು ಎತ್ತಬೇಕಾಗಿದೆ. ನಮ್ಮ ವಿದ್ಯಾವಂತರು ಈ ಪಂದ್ಯದ ಮಾತು ಬಂದರೆ, "ಪಾಪ, ಬೂಟ್ಸಿರಲಿಲ್ಲ, ಅದಕ್ಕೇ ಸೋತರು" ಎನ್ನುತ್ತಾರೆ. 1950ರಲ್ಲಿ ಬ್ರೆಜಿಲ್ಲಿನ ವಿಶ್ವಕಪ್ಪಿಗೆ ನಾವು ಹೋಗದೆ ಉಳಿದದ್ದೂ ಬರಿಗಾಲಿನಲ್ಲಿ ಆಡಗೊಡದ ಕಾರಣದಿಂದಲೇ ಎಂಬ ಕಥೆ ಶಾಲೆಯ ಮಕ್ಕಳ ಬಾಯಲ್ಲೂ ಇದೆ. ಆ ಕಥೆ ನಿಲ್ಲುವಂಥದಲ್ಲ. ದೂರದ ಹಡಗಿನ ಪಯಣ, ಅಭ್ಯಾಸಕ್ಕೆ ಸಾಲದ ಸಮಯ, ಎಲ್ಲಕ್ಕಿಂತ ಮಿಗಿಲಾಗಿ ಒಲಿಂಪಿಕ್ಸ್ ಒಂದೇ ದೊಡ್ಡದು, ವಿಶ್ವಕಪ್ಪೇನು ಮಹಾ ಎಂದು ನಮ್ಮ ಸಂಘದವರು ತಿಳಿದದ್ದು – ಇವು ಕಾರಣ. ಇಲ್ಫರ್ಡಿನ ಸೋಲಿಗೂ ಬೂಟ್ಸಿಗೂ ಗಂಟು ಹಾಕುವುದು ಅಂಥದೇ. ಎರಡು ಪೆನಾಲ್ಟಿ ಹೋದ ಮೇಲೂ ಒಂದೇ ಗೋಲಿನಿಂದ ಸೋತ ತಂಡಕ್ಕೆ ಕಾಲಿನ ಕುಶಲತೆ ಕಡಿಮೆಯಿತ್ತೆ? 'ಪಾಪ' ಎಂಬ ಆ ಮಾತಿನಲ್ಲಿ ಕರುಣೆ ಎಷ್ಟಿದೆಯೋ ಅಷ್ಟೇ ತಾತ್ಸಾರವೂ ಇದೆ. ಜಗಲಿಯ ಹಿರಿಯರು ಒಂದು ದಿನವೂ ಬೂಟ್ಸನ್ನು ದೂರಿದವರಲ್ಲ. "ಗೆಲ್ಲಬೇಕಾಗಿತ್ತು, ಗೆಲ್ಲಲಿಲ್ಲ, ಹೊಡೆಯಬೇಕಾದ್ದನ್ನು ಹೊಡೆಯಲಿಲ್ಲ" ಎನ್ನುತ್ತಿದ್ದರು. ತಪ್ಪನ್ನು ತನ್ನದೆಂದು ಒಪ್ಪಿಕೊಳ್ಳುವವನಿಗೆ ಎದುರಾಳಿಯೊಡನೆ ಸಮಾನತೆ ಇರುತ್ತದೆ. ಬೂಟ್ಸಿನ ನೆಪ ಹೇಳುವವನು ಆ ಸಮಾನತೆಯನ್ನು ಮೊದಲೇ ಬಿಟ್ಟುಕೊಟ್ಟಂತೆ.

ಹಾಗೆಂದು ಬರಿಗಾಲನ್ನು ನಾನು ಪೂಜಿಸುತ್ತಿಲ್ಲ. ನಾಲ್ಕು ವರ್ಷದ ತರುವಾಯ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲನ್ನು ಹೊಡೆದವರು ನಮ್ಮ ಅಹಮದ್ ಖಾನ್. ಬೂಟ್ಸನ್ನು ಕಡ್ಡಾಯ ಮಾಡುವಂತಾದದ್ದು ಆ ಪೆಟ್ಟಿನಿಂದ. ಹಿರಿಯರನ್ನು ಇದರ ಬಗೆಗೆ ಕೇಳಿದೆ. "ಅದೂ ಆಯ್ತು" ಎಂದು ಎಲೆ ಅಡಿಕೆಯ ಚೀಲ ಬಿಚ್ಚಿದರು. ಒಂಬತ್ತು ಗೋಲುಗಳ ಅಂತರವನ್ನು ಮರೆಯುವುದು ಸುಲಭ. ಒಂದು ಗೋಲಿನದು ಹಾಗಲ್ಲ. ಒಂದರ ಅಂತರದಲ್ಲಿ ಮನಸ್ಸು ಓಡಾಡಲು ಜಾಗವಿರುತ್ತದೆ. ತರಗತಿಯಲ್ಲಿ ರನ್ನನ ಗದಾಯುದ್ಧವನ್ನು ಪಾಠ ಹೇಳುವಾಗಲೆಲ್ಲ ಇದು ನನಗೆ ನೆನಪಾಗುತ್ತದೆ. ಗೆದ್ದ ಭೀಮನನ್ನು ಹೊಗಳಲೆಂದು ಹೊರಟ ಕಾವ್ಯ ಅದು. ಓದಿದ ಹುಡುಗರು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುವುದು ಬಿದ್ದ ದುರ್ಯೋಧನನನ್ನು ಕುರಿತು.

ನಮ್ಮ ಬಂಗಾರಪೇಟೆಯ ಕಥೆ ಬೇರೆ. ಒಂದು ಕಾಲಕ್ಕೆ ಅದು ಬೌರಿಂಗ್‌ಪೇಟೆ; ಮೈಸೂರಿನ ಕಮಿಷನರನಾಗಿದ್ದ ಬೌರಿಂಗನ ಹೆಸರಿನದು. 1894ರಲ್ಲಿ ಅಲ್ಲಿಂದ ಗಣಿಗೆ ರೈಲು ಕವಲು ಹಾಕಿದಂದಿನಿಂದ ಊರಿನ ಬಾಳ್ವೆಯೆಲ್ಲ ಸ್ಟೇಷನ್ನಿನ ಸುತ್ತ. ಬೆಂಗಳೂರಿನ ಪತ್ರಿಕೆ, ಮದರಾಸಿನ ಪತ್ರಿಕೆ ಎರಡೂ ಅಲ್ಲಿ ಇಳಿಯುತ್ತಿದ್ದವು. ಬಜಾರಿನಲ್ಲಿ ನಮ್ಮ ತಾತನ ದಿನಸಿ ಅಂಗಡಿ. ಒಲಿಂಪಿಕ್ಸ್ ಅವರಿಗೆ ದೂರದ ಮಾತು; ಅವರ ಸಂಕಟವೆಲ್ಲ ಸಂತೋಷ್ ಟ್ರೋಫಿಯದು, ಅವರ ವೈರಿ ಬಂಗಾಳ.

ಆ ವೈರಕ್ಕೆ ಆಧಾರವಿತ್ತು. 1946–47ರಲ್ಲಿ ಬೆಂಗಳೂರಿನಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಮೈಸೂರು ಬಂಗಾಳವನ್ನು ಸೋಲಿಸಿ ಮೊದಲ ಸಲ ಕಪ್ಪು ಪಡೆಯಿತು. 1952–53ರಲ್ಲಿ ಮತ್ತೆ ಬೆಂಗಳೂರಿನಲ್ಲೇ, ಮತ್ತೆ ಬಂಗಾಳದ ಮೇಲೆ. ಮರುವರ್ಷ ಕಲ್ಕತ್ತೆಯಲ್ಲಿ ಬಂಗಾಳದವರು ಸಾಲ ತೀರಿಸಿಕೊಂಡರು. 1955–56ರಲ್ಲಿ ಎರ್ನಾಕುಲಂನಲ್ಲಿ ಮತ್ತೆ ಇದೇ ಇಬ್ಬರು. ಮೈಸೂರಿಗೆ 1–0ರ ಸೋಲು. ಆ ಸುದ್ದಿ ಬಂದ ದಿನ ತಾತ ತಕ್ಕಡಿಯಲ್ಲಿ ತೊಗರಿಬೇಳೆ ಹಾಕುತ್ತ, ಪತ್ರಿಕೆ ಓದುತ್ತಿದ್ದ ಗಿರಾಕಿಯ ಬಾಯಿಂದ ಫಲಿತಾಂಶ ಕೇಳಿ ಕೈ ತಪ್ಪಿ ಒಂದು ಪಾವು ಹೆಚ್ಚಿಗೆ ಸುರಿದುಬಿಟ್ಟರೆಂದು ನಮ್ಮ ಅಜ್ಜಿ ಕೊನೆಯವರೆಗೂ ಆಡಿಕೊಳ್ಳುತ್ತಿದ್ದರು. "ಒಂದು ಗೋಲಿಗೆ ಒಂದು ಪಾವು. ಹತ್ತು ಗೋಲು ಹೊಡೆದಿದ್ದರೆ ಅಂಗಡಿ ಮುಚ್ಚೋದೇ!"

ತಾತನ ದೂರು ರೆಫ್ರಿಯ ಮೇಲೆ ಇರಲಿಲ್ಲ, ಕಲ್ಕತ್ತೆಯ ದುಡ್ಡಿನ ಮೇಲಿತ್ತು. "ನಮ್ಮ ಹುಡುಗರನ್ನೇ ಕೊಂಡೊಯ್ದು ನಮ್ಮನ್ನೇ ಹೊಡೀತಾರೆ." ಇದರಲ್ಲಿ ಹುರುಳಿಲ್ಲದೆ ಇಲ್ಲ. ಅಹಮದ್ ಖಾನರೂ ಧನರಾಜರೂ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘಕ್ಕೆ ಹೋಗಿ, ವೆಂಕಟೇಶ್, ಅಪ್ಪಾರಾವ್, ಸಾಲೇ ಇವರೊಡನೆ ಸೇರಿ 'ಪಂಚಪಾಂಡವರು' ಎನ್ನಿಸಿಕೊಂಡರು. ಐವರಲ್ಲಿ ಒಬ್ಬನೂ ಬಂಗಾಳಿಯಲ್ಲ. ಬಲಿಷ್ಠ ಎದುರಾಳಿಯ ಬಲ ಎಲ್ಲಿಂದ ಬಂತೆಂದು ಹುಡುಕುತ್ತ ಹೋದರೆ ಕೆಲವು ವೇಳೆ ನಮ್ಮ ಮನೆಯ ಹಿತ್ತಿಲಿಗೇ ಬಂದು ನಿಲ್ಲಬೇಕಾಗುತ್ತದೆ. ಅದಕ್ಕಾಗಿ ಕಲ್ಕತ್ತೆಯನ್ನು ದೂರುವುದು ಮಾತ್ರ ಸರಿಯಲ್ಲ. ಆಟ ಬಲ್ಲವನಿಗೆ ಹೊಟ್ಟೆತುಂಬ ಊಟವನ್ನೂ ಊರು ತುಂಬ ಹೆಸರನ್ನೂ ಕೊಟ್ಟದ್ದು ಆ ಊರು. ನಾವು ಕೊಟ್ಟದ್ದು ಚಪ್ಪಾಳೆ.

1967–68ರಲ್ಲಿ ಕಟಕ್‌ನಲ್ಲಿ, ಮರುವರ್ಷ ಬೆಂಗಳೂರಿನಲ್ಲಿ, ಎರಡು ಸಲವೂ ಬಂಗಾಳವನ್ನೇ ಸೋಲಿಸಿ ಮೈಸೂರು ಕಪ್ಪು ಗೆದ್ದಾಗ ತಾತ ಬದುಕಿದ್ದರು. ಆ ಗೆಲುವುಗಳ ಮಾತನ್ನು ಅವರಿಂದ ಯಾರೂ ಕೇಳಿದ್ದಿಲ್ಲ. ಎರ್ನಾಕುಲಂ ಮಾತ್ರ ವರ್ಷಕ್ಕೆ ಎರಡು ಮೂರು ಬಾರಿ ಬರುತ್ತಿತ್ತಂತೆ.

ಆಮೇಲಿನದು ಬರಗಾಲ. ರಾಜ್ಯದ ಹೆಸರು ಕರ್ನಾಟಕವಾಯಿತು; ಕಪ್ಪು ಮಾತ್ರ ಬರಲಿಲ್ಲ. ಗಣಿಯೂ ಇಳಿಯುತ್ತ ಬಂದು ಮುಚ್ಚಿತು. ಗಣಿಗೆ ಇಳಿಯುತ್ತಿದ್ದವರ ಮಕ್ಕಳೂ ಮೊಮ್ಮಕ್ಕಳೂ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಬಂಗಾರಪೇಟೆಯಲ್ಲಿ ಆ ರೈಲು ಬರುವ ಹೊತ್ತಿಗೆ ಕೂರಲು ಜಾಗವಿರುವುದಿಲ್ಲ. ನಿಂತಲ್ಲೇ ನಿದ್ದೆ ಮಾಡುವವರು, ಕಂಬಿ ಹಿಡಿದೇ ತಿಂಡಿ ತಿನ್ನುವವರು. ಚೆಂಡಾಟದ ಮಾತಿಗೇನೂ ಕೊರತೆಯಿಲ್ಲ, ಮಾತೆಲ್ಲ ಯೂರೋಪಿನ ಸಂಘಗಳದು.

2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾಧ್‌ನಲ್ಲಿ, ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ಐವತ್ತನಾಲ್ಕು ವರ್ಷದ ಮೇಲೆ ಸಂತೋಷ್ ಟ್ರೋಫಿಯನ್ನು ಪಡೆಯಿತು. ಮರುದಿನ ಭಾನುವಾರ. ನನಗೆ ತಡೆಯಲಾಗಲಿಲ್ಲ, ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್ ರೀಫ್ಸಿಗೆ ಹೋದೆ. ಹಿರಿಯರು ಎಂಬತ್ತಾರಕ್ಕೆ ಮುಟ್ಟಿದ್ದರು. ಗಣಿಯ ಧೂಳು ಎದೆಯಲ್ಲಿ ಕುಳಿತು ಮಾತಿಗೊಮ್ಮೆ ಕೆಮ್ಮು. ಮೊಮ್ಮಗ ಮೊಬೈಲಿನಲ್ಲಿ ಗೋಲುಗಳನ್ನು ಒಂದೊಂದಾಗಿ ತೋರಿಸಿದ. ಕಣ್ಣಿಗೆ ಹತ್ತಿರ ಹಿಡಿದು ಮೂರನ್ನೂ ನೋಡಿದರು.

"ಯಾರ ಮೇಲೆ ತಂಬಿ, ಬಂಗಾಳವಾ?"

"ಅಲ್ಲ ತಾತ, ಮೇಘಾಲಯ."

"ಅದೆಲ್ಲಿ ಬರುತ್ತೆ?"

ಮೊಮ್ಮಗ ಹೇಳಿದ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲನ್ನು ಹಿಂದಕ್ಕೆ ಕೊಟ್ಟು ನನ್ನ ಕಡೆ ತಿರುಗಿದರು.

"ಮೂರು ಹೊಡೆದರಲ್ಲ, ಪೆನಾಲ್ಟಿ ಏನಾದರೂ ಸಿಕ್ಕಿತ್ತಾ ನೋಡು."