ರೆಪ್ಲಿಕಾ ಸ್ಥಳಾಂತರ: ಹಳೆಯದನ್ನು ಅಳಿಸುವ ಹೊತ್ತು ಯಾವುದು?

ಸೋಲ್ರ್ ಹುಡುಕಾಟ ಎಂಜಿನ್ನನ್ನು ಹಲವು ಯಂತ್ರಗಳಲ್ಲಿ (ನೋಡ್‌ಗಳಲ್ಲಿ) ನಡೆಸುವ ಸೋಲ್ರ್‌ಕ್ಲೌಡ್‌ನಲ್ಲಿ, ಇಂಡೆಕ್ಸ್‌ನ ಒಂದು ಭಾಗವಾದ ಶಾರ್ಡ್‌ನ ನಕಲನ್ನು, ಅಂದರೆ ರೆಪ್ಲಿಕಾವನ್ನು, ಬೇರೆ ನೋಡ್‌ಗೆ ಸಾಗಿಸಲು ಮೂವ್‌ರೆಪ್ಲಿಕಾ ಎಂಬ ಆದೇಶವಿದೆ. ಡಿಸ್ಕ್ ತುಂಬುತ್ತ ಬಂದಾಗ, ಹಳೆಯ ಯಂತ್ರವನ್ನು ಸೇವೆಯಿಂದ ತೆಗೆಯಬೇಕಾದಾಗ ನಿರ್ವಾಹಕರು ಇದನ್ನು ಬಳಸುತ್ತಾರೆ. ಸ್ಥಳೀಯ ಡಿಸ್ಕಿನಲ್ಲಿರುವ ಇಂಡೆಕ್ಸ್‌ಗಳ ಮಟ್ಟಿಗೆ ಈ ಆದೇಶದೊಳಗೆ ಎರಡು ಕೆಲಸಗಳಿವೆ: ಗುರಿ ನೋಡ್‌ನಲ್ಲಿ ಹೊಸ ರೆಪ್ಲಿಕಾ ಸೃಷ್ಟಿಸುವುದು, ಆಮೇಲೆ ಹಳೆಯದನ್ನು ಅಳಿಸುವುದು. ಇವೆರಡರ ನಡುವೆ ಎಷ್ಟು ಕಾಯಬೇಕು ಎಂಬುದರ ಮೇಲೆ ಇಡೀ ಶಾರ್ಡ್‌ನ ಸುರಕ್ಷತೆ ನಿಂತಿದೆ ಎಂಬುದು ಈ ಲೇಖನದ ವಾದ.

ಸೋಲ್ರ್ ಮತ್ತು ಅದರಂತೆಯೇ ಹುಡುಕಾಟ ಎಂಜಿನ್ ಆದ ಎಲಾಸ್ಟಿಕ್‌ಸರ್ಚ್ ಎರಡಕ್ಕೂ ತಳಹದಿ, ಡಗ್ ಕಟಿಂಗ್ 1999ರಲ್ಲಿ ರೂಪಿಸಿದ ಲ್ಯೂಸೀನ್ ಎಂಬ ಹುಡುಕಾಟ ಲೈಬ್ರರಿ. ಅದರ ಸೆಗ್ಮೆಂಟ್ ಕಡತಗಳನ್ನು ಒಮ್ಮೆ ಬರೆದ ಮೇಲೆ ತಿದ್ದುವುದಿಲ್ಲ. ಅಳಿಸಿದ ದಾಖಲೆಗಳ ಗುರುತು ಕೂಡ ಬೇರೊಂದು ಕಡತಕ್ಕೆ ಹೋಗುತ್ತದೆ. ಆದ್ದರಿಂದಲೇ ಬರಹ ನಡೆಯುತ್ತಿರುವಾಗಲೂ ಲೀಡರ್‌ನಿಂದ (ಶಾರ್ಡ್‌ನ ಬರಹಗಳನ್ನು ಮುನ್ನಡೆಸುವ ರೆಪ್ಲಿಕಾದಿಂದ) ಇಂಡೆಕ್ಸನ್ನು ನಕಲಿಸಲು ಸಾಧ್ಯ. ಎನ್‌ಆರ್‌ಟಿ (ನಿಯರ್ ರಿಯಲ್ ಟೈಮ್) ಬಗೆಯ ಹೊಸ ರೆಪ್ಲಿಕಾ, ನಕಲು ಮುಗಿಯುವ ತನಕ ಬರುವ ದಾಖಲೆಗಳನ್ನು ತನ್ನ ಟ್ರಾನ್ಸಾಕ್ಷನ್ ಲಾಗ್‌ನಲ್ಲಿ ಕೂಡಿಡುತ್ತದೆ. ಕಡತಗಳೆಲ್ಲ ಬಂದ ಮೇಲೆ ಆ ಕೂಡಿಟ್ಟ ದಾಖಲೆಗಳನ್ನು ಇಂಡೆಕ್ಸ್‌ಗೆ ಸೇರಿಸುತ್ತದೆ. ಅದಾದ ನಂತರವೇ, ಕ್ಲಸ್ಟರ್‌ನ ಸ್ಥಿತಿಗತಿ ದಾಖಲಿಸಿಡುವ ಝೂಕೀಪರ್‌ನಲ್ಲಿ ಆ ರೆಪ್ಲಿಕಾದ ಸ್ಥಿತಿ ‘ರಿಕವರಿಂಗ್’ನಿಂದ ‘ಆಕ್ಟಿವ್’ಗೆ ಬದಲಾಗುವುದು. 200 ಗಿಗಾಬೈಟ್‌ನ ಇಂಡೆಕ್ಸ್ ಸೆಕೆಂಡಿಗೆ 40 ಮೆಗಾಬೈಟ್ ವೇಗದಲ್ಲಿ ಸಾಗಿದರೆ ನಕಲಿಗೇ ಸುಮಾರು 85 ನಿಮಿಷ ಹಿಡಿಯುತ್ತದೆ.

ಆ 85 ನಿಮಿಷಗಳನ್ನು ಹತ್ತಿರದಿಂದ ನೋಡೋಣ. ಒಂದು ಶಾರ್ಡ್‌ಗೆ ಎರಡೇ ರೆಪ್ಲಿಕಾಗಳಿವೆ: ಲೀಡರ್ ನೋಡ್ 1ರಲ್ಲಿ, ಇನ್ನೊಂದು ನೋಡ್ 2ರಲ್ಲಿ. ಎರಡನೆಯದನ್ನು ನೋಡ್ 3ಕ್ಕೆ ಸಾಗಿಸುತ್ತೇವೆ. ವೇಟ್‌ಫಾರ್‌ಫೈನಲ್‌ಸ್ಟೇಟ್ ಎಂಬ ಆಯ್ಕೆಯನ್ನು ಆನ್ ಮಾಡದಿದ್ದರೆ, ಸಾಗಿಸುತ್ತಿರುವುದು ಲೀಡರ್ ಅಲ್ಲದ್ದರಿಂದ, ಹೊಸದು ಆಕ್ಟಿವ್ ಆಗುವುದನ್ನು ಕಾಯದೆ ಹಳೆಯದನ್ನು ಅಳಿಸಲಾಗುತ್ತದೆ. ಪಟ್ಟಿಯಲ್ಲಿ ಎರಡು ರೆಪ್ಲಿಕಾಗಳು ಕಂಡರೂ ಪೂರ್ಣ ದತ್ತಾಂಶ ಇರುವುದು ಒಂದರಲ್ಲಿ ಮಾತ್ರ. ಆಗ ನೋಡ್ 1 ಬಿದ್ದರೆ, ಅರ್ಧ ತುಂಬಿದ ರೆಪ್ಲಿಕಾ ಲೀಡರ್ ಆಗಲಾರದು. ಆ ಶಾರ್ಡ್‌ನಲ್ಲಿ ಬರಹವೂ ಹುಡುಕಾಟವೂ ನಿಲ್ಲುತ್ತವೆ. ಲೀಡರನ್ನೇ ಸಾಗಿಸುವಾಗ ವ್ಯವಸ್ಥೆ ಕಾಯುತ್ತದೆ, ಉಳಿದವಕ್ಕೆ ಕಾಯುವುದಿಲ್ಲ. ಎರಡೇ ರೆಪ್ಲಿಕಾಗಳಿರುವ ಶಾರ್ಡ್‌ಗೆ ಈ ಭೇದ ಸಲ್ಲದು ಎಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿ ಲೀಡರ್ ಅಲ್ಲದ ನಕಲೂ ಅಷ್ಟೇ ಅಮೂಲ್ಯ.

ಎಲಾಸ್ಟಿಕ್‌ಸರ್ಚ್ ಇಲ್ಲಿ ಹೆಚ್ಚು ಎಚ್ಚರದ ದಾರಿ ಹಿಡಿದಿದೆ. ಮೂಲ ನಕಲು ‘ರಿಲೊಕೇಟಿಂಗ್’ ಸ್ಥಿತಿಯಲ್ಲಿದ್ದುಕೊಂಡೇ ಹುಡುಕಾಟಕ್ಕೆ ಉತ್ತರಿಸುತ್ತಿರುತ್ತದೆ. ಗುರಿಯಲ್ಲಿರುವುದು ‘ಸ್ಟಾರ್ಟೆಡ್’ ಆದ ಮೇಲಷ್ಟೇ ಮೂಲಕ್ಕೆ ಬಿಡುಗಡೆ.

ಸೋಲ್ರ್‌ನಲ್ಲೂ ಇದೇ ಭದ್ರತೆ ಪಡೆಯಬಹುದು. ಮೇಲಿನ ಆಯ್ಕೆಯನ್ನು ಆನ್ ಮಾಡಿ, ಕಾಲಮಿತಿಯನ್ನು ಇಂಡೆಕ್ಸ್ ಗಾತ್ರಕ್ಕೆ ತಕ್ಕಂತೆ ಹಿಗ್ಗಿಸುವುದು ಒಂದು ವಿಧಾನ. ನಾನು ಮೆಚ್ಚುವುದು ಇನ್ನೊಂದನ್ನು: ಆ್ಯಡ್‌ರೆಪ್ಲಿಕಾ ಆದೇಶದಿಂದ ಹೊಸದನ್ನು ಸೇರಿಸಿ, ಕ್ಲಸ್ಟರ್‌ಸ್ಟೇಟಸ್ ಆದೇಶದ ಉತ್ತರದಲ್ಲಿ ಅದು ಆಕ್ಟಿವ್ ಆದದ್ದನ್ನು ಕಣ್ಣಾರೆ ಕಂಡು, ಆಮೇಲೆ ಡಿಲೀಟ್‌ರೆಪ್ಲಿಕಾ ನೀಡುವುದು. ಅಳಿಸುವ ತೀರ್ಮಾನ ಆಗ ಮನುಷ್ಯರ ಕೈಯಲ್ಲಿ ಉಳಿಯುತ್ತದೆ.

ಇದಕ್ಕೆ ಬೆಲೆಯೂ ಇದೆ. ಕಾಯುವಷ್ಟು ಹೊತ್ತು ಹಳೆಯ ನೋಡ್‌ನ ಜಾಗ ತೆರವಾಗುವುದಿಲ್ಲ. ಎಲಾಸ್ಟಿಕ್‌ಸರ್ಚ್ ಡಿಸ್ಕ್ ಬಳಕೆ ಶೇ. 85 ದಾಟಿದರೆ ಹೊಸ ರೆಪ್ಲಿಕಾಗಳನ್ನು ಆ ನೋಡ್‌ಗೆ ಕಳುಹಿಸುವುದನ್ನು ನಿಲ್ಲಿಸುತ್ತದೆ, ಶೇ. 90 ದಾಟಿದರೆ ಇದ್ದವನ್ನು ಹೊರಗೆ ಸಾಗಿಸಲು ತೊಡಗುತ್ತದೆ. ಕಾಯುವಷ್ಟು ಅವಕಾಶ ಆಗಿನ್ನೂ ಉಳಿದಿರುತ್ತದೆ. ಸೋಲ್ರ್ ನಡೆಸುವವರು ಇಂಥದೇ ಗಡಿಯನ್ನು ತಾವೇ ಹಾಕಿಕೊಂಡು, ಡಿಸ್ಕ್ ಪೂರ್ತಿ ತುಂಬುವ ಮೊದಲೇ ಸಾಗಾಟ ಶುರುಮಾಡಬೇಕಾಗುತ್ತದೆ.