ಬೆಕ್ಜೆಯ ದೊರೆ ಮುರ್ಯೊಂಗ್

ಕೊರಿಯಾ ಪರ್ಯಾಯ ದ್ವೀಪದ ನೈಋತ್ಯ ಭಾಗದಲ್ಲಿದ್ದ ಬೆಕ್ಜೆ ರಾಜ್ಯದ 25ನೆಯ ಅರಸ ಮುರ್ಯೊಂಗ್. ಆಳ್ವಿಕೆಯ ಕಾಲ ಕ್ರಿ.ಶ. 501ರಿಂದ 523. ಸೋತು ಸೊರಗಿದ್ದ ರಾಜ್ಯವನ್ನು ಮತ್ತೆ ಎತ್ತಿ ನಿಲ್ಲಿಸಿದವನೆಂದು ಇತಿಹಾಸದಲ್ಲಿ ಇವನ ಹೆಸರು ನಿಂತಿದೆ. ಬದುಕಿದ್ದಾಗಿನ ಹೆಸರು ಸಾಮ. ಮುರ್ಯೊಂಗ್ ಎಂಬುದು ಸತ್ತ ಮೇಲೆ ಕೊಟ್ಟ ಬಿರುದು. 1971ರಲ್ಲಿ ಸಿಕ್ಕ ಇವನ ಸಮಾಧಿ ಗ್ರಂಥಗಳ ಹಲವು ಮಾತುಗಳಿಗೆ ಸಾಕ್ಷಿ ಒದಗಿಸಿತು, ಒಂದೆರಡನ್ನು ತಿದ್ದಿತು.

ಹಿನ್ನೆಲೆ

ಗೊಗುರ್ಯೊ, ಸಿಲ್ಲಾ, ಬೆಕ್ಜೆ ಈ ಮೂರು ರಾಜ್ಯಗಳು ಕೊರಿಯಾದ ನೆಲಕ್ಕಾಗಿ ಹೊಡೆದಾಡುತ್ತಿದ್ದ ಕಾಲವದು. 475ರಲ್ಲಿ ಗೊಗುರ್ಯೊದ ದೊರೆ ಜಾಂಗ್ಸು ದಂಡೆತ್ತಿ ಬಂದು, ಈಗಿನ ಸೋಲ್ ನಗರದ ಪ್ರದೇಶದಲ್ಲಿದ್ದ ಬೆಕ್ಜೆಯ ರಾಜಧಾನಿ ಹನ್ಸೊಂಗನ್ನು ವಶಪಡಿಸಿಕೊಂಡ. ಅರಸ ಗೆರೊ ಕೊಲೆಯಾದ. ಹಾನ್ ನದಿಯ ಫಲವತ್ತಾದ ಬಯಲು ಕೈತಪ್ಪಿತು. ಉಳಿದವರು ದಕ್ಷಿಣಕ್ಕೆ ಸರಿದು, ಬೆಟ್ಟ ಮತ್ತು ನದಿಯ ಆಸರೆಯಿದ್ದ ಉಂಗ್ಜಿನ್‌ನಲ್ಲಿ, ಅಂದರೆ ಇಂದಿನ ಗೊಂಗ್ಜುವಿನಲ್ಲಿ, ಹೊಸ ರಾಜಧಾನಿ ಕಟ್ಟಿಕೊಂಡರು. ಅಲ್ಲಿಯೂ ನೆಮ್ಮದಿ ಇರಲಿಲ್ಲ. ಪ್ರಬಲ ಮನೆತನಗಳ ಕೈ ಮೇಲಾಗಿ, ಅರಸರೇ ಕೊಲೆಗೆ ಬಲಿಯಾದರು.

ಪಟ್ಟ ಮತ್ತು ಆಡಳಿತ

ಕೋಟೆಯೊಂದರ ಕಾವಲಿಗೆ ತನ್ನನ್ನು ದೂರ ಕಳಿಸಿದ್ದಕ್ಕೆ ಮುನಿದಿದ್ದ ಬೆಕ್ಗಾ ಎಂಬ ಅಧಿಕಾರಿ, 501ರಲ್ಲಿ ದೊರೆ ಡೊಂಗ್ಸೊಂಗ್‌ನನ್ನು ಕೊಲ್ಲಿಸಿದ. ಆಗ ಪಟ್ಟಕ್ಕೆ ಬಂದವನೇ ಮುರ್ಯೊಂಗ್. ವಯಸ್ಸು ಸುಮಾರು ನಲವತ್ತು. ಅವನ ಮೊದಲ ಕೆಲಸ ಈ ದಂಗೆಯನ್ನು ಅಡಗಿಸುವುದೇ ಆಯಿತು. ಶರಣಾಗಿ ಹೊರಬಂದ ಬೆಕ್ಗಾನ ತಲೆ ಕಡಿಸಿ ಹೆಣವನ್ನು ಹೊಳೆಗೆ ಎಸೆಸಿದ.

ಕೈ ಇಷ್ಟು ಬಿರುಸಾಗಿದ್ದರೂ, 1145ರಲ್ಲಿ ಸಂಕಲನಗೊಂಡ 'ಸಮ್ಗುಕ್ ಸಾಗಿ' ಎಂಬ ಇತಿಹಾಸ ಗ್ರಂಥ ಅವನನ್ನು ಎತ್ತರದ ನಿಲುವಿನ, ಚೆಲುವಾದ ಕಣ್ಣು-ಹುಬ್ಬುಗಳ, ಪ್ರಜೆಗಳ ಮನ ಗೆದ್ದ ಕರುಣಾಳು ಎಂದು ಬಣ್ಣಿಸುತ್ತದೆ. 506ರಲ್ಲಿ ಬರ ಬಂದು ಜನ ಹಸಿದಾಗ ಅರಮನೆಯ ಕಣಜ ತೆರೆಸಿದ. 510ರಲ್ಲಿ ಕೆರೆ-ಕಾಲುವೆಗಳ ಏರಿಗಳನ್ನು ಭದ್ರಪಡಿಸಲು ಆಜ್ಞೆ ಹೊರಡಿಸಿ, ಊರು ಬಿಟ್ಟು ಅಲೆಯುತ್ತಿದ್ದವರನ್ನು ಮತ್ತೆ ಬೇಸಾಯಕ್ಕೆ ಹಚ್ಚಿದ. ಹಾನ್ ಬಯಲು ಕಳೆದುಕೊಂಡ ರಾಜ್ಯಕ್ಕೆ ದಕ್ಷಿಣದ ಗದ್ದೆಗಳೇ ಜೀವಾಳವಾಗಿದ್ದವು. ದಾಮ್ರೊ ಎಂಬ 22 ಆಡಳಿತ ಘಟಕಗಳಿಗೆ ರಾಜವಂಶದವರನ್ನೇ ನೇಮಿಸುತ್ತಿದ್ದರೆಂದು ಚೀನಾದ ಲಿಯಾಂಗ್ ವಂಶದ ಚರಿತ್ರೆ ಹೇಳುತ್ತದೆ.

ಯುದ್ಧ ಮತ್ತು ವಿದೇಶ ಸಂಬಂಧ

512ರಲ್ಲಿ ಗೊಗುರ್ಯೊ ಎರಡು ಕೋಟೆಗಳನ್ನು ಗೆದ್ದುಕೊಂಡಾಗ, ದೊರೆ ತಾನೇ 3,000 ಕುದುರೆ ಸವಾರರೊಂದಿಗೆ ಹೊರಟ. ಇಷ್ಟು ಸಣ್ಣ ದಂಡೆಂದು ಶತ್ರುಗಳು ಹಗುರವಾಗಿ ಎಣಿಸಿ ವ್ಯೂಹವನ್ನೇ ಕಟ್ಟಲಿಲ್ಲ. ಆ ಅಜಾಗರೂಕತೆಯ ಮೇಲೆಯೇ ಎರಗಿ ಅವನು ಗೆದ್ದ. 521ರಲ್ಲಿ ಲಿಯಾಂಗ್ ಆಸ್ಥಾನಕ್ಕೆ ದೂತರನ್ನು ಕಳಿಸಿ, ಗೊಗುರ್ಯೊವನ್ನು ಹಲವು ಬಾರಿ ಸೋಲಿಸಿ ಬೆಕ್ಜೆ ಮತ್ತೆ ಬಲಿಷ್ಠವಾಗಿದೆ ಎಂದು ತಿಳಿಸಿದ. ಚಕ್ರವರ್ತಿ ವೂ ಅವನಿಗೆ 'ಪೂರ್ವವನ್ನು ಶಾಂತಗೊಳಿಸುವ ಮಹಾಸೇನಾನಿ' ಎಂಬ ಅರ್ಥದ ಪದವಿ ನೀಡಿದ. ಜಪಾನಿನೊಂದಿಗಿನ ನಂಟು ವಿದ್ಯೆಯ ದಾರಿಯಲ್ಲಿ ಬೆಳೆಯಿತು. ಕನ್ಫ್ಯೂಷಿಯಸ್ ಪರಂಪರೆಯ ಐದು ಗ್ರಂಥಗಳಲ್ಲಿ ಪಾರಂಗತನಾದ ದಾನ್ ಯಾಂಗಿ 513ರಲ್ಲಿ ಅಲ್ಲಿಗೆ ಹೋದ. 516ರಲ್ಲಿ ಅವನ ಜಾಗಕ್ಕೆ ಗೊ ಆನ್ಮು ಬಂದ.

ಸಮಾಧಿ

1971ರ ಜುಲೈನಲ್ಲಿ ಗೊಂಗ್ಜುವಿನ ಸೊಂಗ್ಸಾನ್-ರಿ ಗುಡ್ಡದ ಹಳೆಯ ಗೋರಿಗಳಿಗೆ ನೀರು ಇಳಿಯದಂತೆ ಚರಂಡಿ ತೋಡುತ್ತಿದ್ದರು. ಕೆಲಸಗಾರರ ಹಾರೆಗೆ ಇಟ್ಟಿಗೆ ತಗುಲಿತು. ಕಳ್ಳರ ಕೈ ಸೋಕದ ಒಂದು ಅರಸು ಸಮಾಧಿ ಅಲ್ಲಿತ್ತು. ಸುದ್ದಿಗಾರರೂ ಊರ ಜನರೂ ಮುತ್ತಿಕೊಂಡರು. ತಿಂಗಳುಗಟ್ಟಲೆ ನಡೆಯಬೇಕಿದ್ದ ಉತ್ಖನನ ಒಂದೇ ರಾತ್ರಿಯಲ್ಲಿ ಮುಗಿದುಹೋಯಿತು. ನೇತೃತ್ವ ವಹಿಸಿದ್ದ ಪುರಾತತ್ವಜ್ಞ ಕಿಮ್ ವೊನ್-ಯೊಂಗ್ ಆ ಆತುರಕ್ಕಾಗಿ ಮುಂದೆ ಬಹಿರಂಗವಾಗಿಯೇ ಮರುಗಿದರು.

ಒಳಹಾದಿಯಲ್ಲಿ ಕಾವಲಿಗೆ ನಿಂತದ್ದು ಒಂದು ಕಲ್ಲಿನ ಮೃಗ: ಮೊಂಡು ಮೂತಿ, ತುಟಿಗೆ ಕೆಂಪು ಬಣ್ಣ, ಮೈಬದಿಗೆ ರೆಕ್ಕೆಯ ಕೆತ್ತನೆ, ನೆತ್ತಿಯಲ್ಲಿ ಕಬ್ಬಿಣದ ಕೊಂಬು. ಅದರ ಮುಂದೆ ಎರಡು ಶಿಲಾಫಲಕಗಳು, ಮೇಲೆ ಲಿಯಾಂಗ್‌ನ ಕಬ್ಬಿಣದ ನಾಣ್ಯಗಳ ಕಟ್ಟು. ಒಂದು ಫಲಕ ಸತ್ತವನ ಪದವಿ, ಸಾಮ ಎಂಬ ಹೆಸರು ಮತ್ತು 62ರ ವಯಸ್ಸನ್ನು ಹೇಳುತ್ತದೆ. 523ರ ಐದನೆಯ ತಿಂಗಳ 7ರಂದು ಮರಣ, 525ರ ಎಂಟನೆಯ ತಿಂಗಳ 12ರಂದು ಸಮಾಧಿ. ಸಾವಿಗೆ ಬಳಸಿದ ಅಕ್ಷರ ಚೀನೀ ಸಂಪ್ರದಾಯದಲ್ಲಿ ಚಕ್ರವರ್ತಿಗಳಿಗೆ ಮೀಸಲಾದದ್ದು. ಇನ್ನೊಂದು ಫಲಕ ಭೂಮಿಯ ಕ್ರಯಪತ್ರ: ಗೋರಿಯ ಜಾಗವನ್ನು ನೆಲದ ದೈವಗಳಿಂದ 10,000 ನಾಣ್ಯ ಕೊಟ್ಟು ಕೊಂಡಿದ್ದಾಗಿ ಬರೆದಿದೆ. 526ರಲ್ಲಿ ತೀರಿಕೊಂಡ ರಾಣಿಯನ್ನು 529ರಲ್ಲಿ ಅವನ ಪಕ್ಕದಲ್ಲೇ ಇರಿಸಿದರು. ಅವಳ ಬೆಳ್ಳಿಯ ಬಳೆಯ ಒಳಮೈಯಲ್ಲಿ, ಅದನ್ನು 520ರಲ್ಲಿ ಮಾಡಿದ ದಾರಿ ಎಂಬ ಅಕ್ಕಸಾಲಿಯ ಹೆಸರು ಕೊರೆದಿದೆ.

ವಯಸ್ಸಿನ ಆ ಒಂದು ಅಂಕಿ ವಂಶಾವಳಿಯನ್ನೇ ಅಲುಗಾಡಿಸಿತು. 'ಸಮ್ಗುಕ್ ಸಾಗಿ' ಇವನನ್ನು ಡೊಂಗ್ಸೊಂಗ್‌ನ ಮಗ ಎನ್ನುತ್ತದೆ. ಆದರೆ ಜಪಾನಿನ 'ನಿಹೊನ್ ಶೊಕಿ'ಯ ಪ್ರಕಾರ 479ರಲ್ಲಿ ಪಟ್ಟಕ್ಕೆ ಬಂದಾಗ ಡೊಂಗ್ಸೊಂಗ್ ಇನ್ನೂ ಎಳೆಯ. ಕಲ್ಲಿನ ಲೆಕ್ಕದಲ್ಲಿ 462ರಲ್ಲಿ ಹುಟ್ಟಿದ ಸಾಮನಿಗೆ ಆ ವರ್ಷ 18. ಹಾಗಾಗಿ ಇವರಿಬ್ಬರನ್ನು ತಂದೆ-ಮಗ ಎನ್ನಲು ಇಂದು ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ.

ಅವನ ರಾಜನೀತಿಯೂ ಆ ಕೋಣೆಯಲ್ಲಿ ಕಾಣುತ್ತದೆ. ತಾವರೆಯ ಅಚ್ಚಿನ ಇಟ್ಟಿಗೆಗಳ ಕಮಾನು ಲಿಯಾಂಗ್ ಶೈಲಿಯದು. ಶವಪೆಟ್ಟಿಗೆಗಳ ಹಲಗೆ ಜಪಾನಿನಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಕೊಯಮಾಕಿ ಮರದ್ದು. ಜ್ವಾಲೆಯಂತೆ ಮೇಲೇಳುವ ಚಿನ್ನದ ಮುಕುಟಾಭರಣಗಳು ಬೆಕ್ಜೆಯ ಕುಸುರಿ ಕೆಲಸ.

ಇವನ ಮಗ ಸೊಂಗ್ 538ರಲ್ಲಿ ರಾಜಧಾನಿಯನ್ನು ವಿಶಾಲವಾದ ಸಾಬಿಗೆ, ಇಂದಿನ ಬುಯೊಗೆ, ಒಯ್ದ. 2001ರಲ್ಲಿ ಜಪಾನಿನ ಚಕ್ರವರ್ತಿ ಅಕಿಹಿತೊ, ತಮ್ಮ ಪೂರ್ವಿಕ ಕನ್ಮು ಚಕ್ರವರ್ತಿಯ ತಾಯಿ ಮುರ್ಯೊಂಗ್‌ನ ವಂಶದವಳೆಂದು ಹಳೆಯ ಚರಿತ್ರೆಯಲ್ಲಿ ದಾಖಲಾಗಿರುವುದನ್ನು ನೆನೆದು, ಕೊರಿಯಾದೊಂದಿಗೆ ತಮಗೊಂದು ನಂಟಿದೆ ಎಂದರು. 2015ರಲ್ಲಿ ಈ ಗೋರಿಗಳ ಗುಡ್ಡ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಟ್ಟಿಗೆಗಳಿಗೆ ಹಾನಿಯಾಗದಿರಲೆಂದು 1997ರಿಂದ ಮೂಲ ಕೋಣೆಯನ್ನು ಪ್ರವಾಸಿಗರಿಗೆ ಮುಚ್ಚಲಾಗಿದೆ; ನೋಡಲು ಪಕ್ಕದಲ್ಲೊಂದು ಪ್ರತಿಕೃತಿಯಿದೆ. ಕಲ್ಲಿನ ಮೃಗ ಮತ್ತು ಎರಡು ಫಲಕಗಳು ಗೊಂಗ್ಜು ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ.