ಚಟ್ಟಯ್ಯದೇವನ ಸಮುದ್ರವಿನೋದ

ಕಳೆದ ಜನವರಿಯಲ್ಲಿ ನಮ್ಮ ಬಳಗದ ಇಪ್ಪತ್ಮೂರು ಮಂದಿ ಮುಂಬಯಿಯಿಂದ ಗೋವೆಗೆ ಹೋಗಿದ್ದೆವು. ವರ್ಷಕ್ಕೊಮ್ಮೆ ಹೀಗೆ ಎಲ್ಲಿಗಾದರೂ ಹೋಗುವುದು, ಹೋದಲ್ಲಿ ಒಂದು ಮಧ್ಯಾಹ್ನ ಪುಸ್ತಕಗಳ ಮಾತು, ಉಳಿದ ಹೊತ್ತು ಊಟ, ತಿರುಗಾಟ, ಹರಟೆ. ಇದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಎರಡನೆಯ ದಿನ ಸಂಜೆ ಪಣಜಿಯಲ್ಲಿ ಮಾಂಡವಿ ನದಿಯ ಬೋಟು ವಿಹಾರಕ್ಕೆ ಟಿಕೇಟು ತೆಗೆದಿದ್ದರು. ಎರಡಂತಸ್ತಿನ ದೊಡ್ಡ ಬೋಟು. ಮೇಲಿನ ಡೆಕ್ಕಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಎದುರಿಗೆ ಪುಟ್ಟ ವೇದಿಕೆ, ಅದರ ಎರಡು ಬದಿಗೆ ಆಳೆತ್ತರದ ಧ್ವನಿಪೆಟ್ಟಿಗೆಗಳು. ಬೋಟು ಧಕ್ಕೆ ಬಿಡುವ ಮೊದಲೇ ಹಾಡು ಆರಂಭವಾಗಿತ್ತು.

ಇಂಥ ವಿಹಾರಕ್ಕೆ ಒಂದು ಕಟ್ಟಳೆಯಿದೆ. ಮೊದಲು ಮಕ್ಕಳನ್ನು ವೇದಿಕೆಗೆ ಕರೆಯುತ್ತಾರೆ, ಆಮೇಲೆ ದಂಪತಿಗಳನ್ನು, ಆಮೇಲೆ ಗಂಡಸರನ್ನು, ಕೊನೆಗೆ ಹೆಂಗಸರನ್ನು. ನಡುನಡುವೆ ಕಲಾವಿದರು ಬಂದು ದೇಖಣಿ, ಫುಗಡಿ ಕುಣಿಯುತ್ತಾರೆ; ಪೋರ್ಚುಗೀಸರು ಬಿಟ್ಟುಹೋದ ಕೊರಿದಿನ್ಯೊ ಕುಣಿತವೂ ಉಂಟು. ಗಂಡಸರ ಸರದಿ ಬಂದಾಗ ನಮ್ಮ ಬಳಗದ ಗಂಭೀರಸ್ವಭಾವದ ವಿಮರ್ಶಕರೊಬ್ಬರು, ನವ್ಯಕಾವ್ಯದ ಮೇಲೆ ಬೆಳಿಗ್ಗೆ ತಾನೇ ಮುಕ್ಕಾಲು ಗಂಟೆ ಮಾತನಾಡಿದ್ದವರು, ಯಾರೂ ಒತ್ತಾಯಿಸದೆ ಎದ್ದು ಹೋಗಿ ಕುಣಿದರು. ಚೆನ್ನಾಗಿಯೇ ಕುಣಿದರು. ಅದನ್ನು ಇಲ್ಲಿ ದಾಖಲಿಸದೆ ಬಿಡುವುದು ಇತಿಹಾಸಕ್ಕೆ ಬಗೆಯುವ ಅಪಚಾರವಾದೀತು.

ಹಾಡು ನಿಂತ ಒಂದು ಗಳಿಗೆಯಲ್ಲಿ ನಿರೂಪಕ ಯುವಕ ದಡದ ಕಡೆ ಕೈತೋರಿಸಿ, ಇಲ್ಲಿ ಇಂಥ ಮೋಜಿನ ಸಂಸ್ಕೃತಿಯನ್ನು ತಂದವರು ಪೋರ್ಚುಗೀಸರು ಎಂದು ಹಿಂದಿಯಲ್ಲಿ ಹೇಳಿದ. ಆತನ ಮೇಲೆ ನಮಗೆ ಸಿಟ್ಟಿಲ್ಲ. ಅವನಿಗೆ ಕೊಟ್ಟ ಸಾಲುಗಳನ್ನು ಅವನು ಹೇಳಿದ. ಆದರೆ ಆತ ಕೈ ತೋರಿಸಿದ್ದು ದಡದ ಮೇಲಿನ ಆದಿಲಶಾಹಿ ಅರಮನೆಯ ಕಡೆಗೆ. ಅದು ಬಿಜಾಪುರದ ಆದಿಲಶಾಹಿಯವರು ಕಟ್ಟಿಸಿದ್ದು. 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಗೆದ್ದ ಬಳಿಕ ಪರರ ಪಾಲಾಗಿ, 1759ರಿಂದ ವೈಸರಾಯರ ನಿವಾಸವಾಗಿ, ಮುಂದೆ ಗೋವಾ ಸರಕಾರದ ಸಚಿವಾಲಯವಾಗಿ ಬಾಳಿತು. ಇದಿಷ್ಟು ಎಲ್ಲ ಕೈಪಿಡಿಗಳಲ್ಲೂ ಸಿಗುವ ಮಾತು. ನಮ್ಮ ಮನಸ್ಸು ಹೋದದ್ದು ಅದಕ್ಕೂ ಸುಮಾರು ಐದು ಶತಮಾನ ಹಿಂದಕ್ಕೆ, ಧಾರವಾಡದ ಹತ್ತಿರದ ಒಂದು ಹಳ್ಳಿಗೆ.

ಮುಂಬಯಿಯಿಂದ ರಾತ್ರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವವರಿಗೆಲ್ಲ ಆ ಹಳ್ಳಿ ಗೊತ್ತು. ಊರು ಮುಟ್ಟುವ ಮೊದಲು ಹೆದ್ದಾರಿಯ ಮಗ್ಗುಲಲ್ಲಿ ಸಿಗುವ ನರೇಂದ್ರ ಅದು. ನಿದ್ದೆಗಣ್ಣಿನಲ್ಲಿ ಚೀಲ ಹುಡುಕುವ ಹೊತ್ತು. ಯಾರೂ ಕಿಟಕಿಯಾಚೆ ನೋಡುವುದಿಲ್ಲ. ಅದರ ಹಳೆಯ ಹೆಸರು ಕುಂದೂರು. ಗೋವೆಯ ಕದಂಬ ಅರಸ ಇಮ್ಮಡಿ ಜಯಕೇಶಿ ಮತ್ತು ಆತನ ರಾಣಿ, ಚಾಲುಕ್ಯ ವಿಕ್ರಮಾದಿತ್ಯನ ಮಗಳು ಮೈಲಳದೇವಿಯ ಕಾಲದ, ಸುಮಾರು 1125ರ ಕನ್ನಡ ಶಾಸನವೊಂದು ಅಲ್ಲಿದೆ. ಕಡಲಿನಿಂದ ಅಷ್ಟು ದೂರ, ಜೋಳ ಬೆಳೆಯುವ ನೆಲದ ಒಂದು ಕಲ್ಲಿನ ಮೇಲೆ, ಹಡಗುಗಳ ಕಥೆ ಕೊರೆಯಲಾಗಿದೆ.

ಶಾಸನದ ಮಾತಿನ ಸಾರ ಇಷ್ಟು. ಇಮ್ಮಡಿ ಜಯಕೇಶಿಯ ಮುತ್ತಜ್ಜ ಚಟ್ಟಯ್ಯದೇವ, ಅಂದರೆ ಇಮ್ಮಡಿ ಷಷ್ಠದೇವ, ಕವಡಿದ್ವೀಪವನ್ನೂ ಬೇರೆ ನಾಡುಗಳನ್ನೂ ವಶಮಾಡಿಕೊಂಡ. ಹಡಗುಗಳ ಸಾಲನ್ನೇ ಸೇತುವೆಯಾಗಿಸಿ ಲಂಕೆಯ ತನಕ ಮುಟ್ಟಿಸಿದ. ಅವನ ಸಮುದ್ರವಿನೋದಗಳ ಪ್ರಸಿದ್ಧಿ ಠಾಣೆಯ ಮುಮ್ಮುರಿಯ ಕಿವಿಗೆ ಬಿತ್ತು. ಮುಮ್ಮುರಿ ತಾನೇ ಬಂದು ಕಂಡು, ಅರಮನೆಗೆ ಕರೆದೊಯ್ದು, ಪ್ರೀತಿ ತೋರಿ, ಮಗಳನ್ನು ವೈಭವದಿಂದ ಧಾರೆಯೆರೆದು, ಅಳಿಯನಿಗೆ ಐದು ಲಕ್ಷ ಹೊನ್ನನ್ನು ಕೊಟ್ಟ.

ಠಾಣೆ! ನಮ್ಮ ಬಳಗದಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಇರುವುದು ಠಾಣೆ, ಡೊಂಬಿವಲಿ, ಅಂಬರನಾಥದ ಕಡೆಗೆ. ಶಾಸನದ ಮುಮ್ಮುರಿಯೇ ಉತ್ತರ ಕೊಂಕಣದ ಶಿಲಾಹಾರ ಅರಸ ಮುಮ್ಮುಣಿ. ಅಂಬರನಾಥದ ಶಿವಾಲಯದಲ್ಲಿ ಅವನ ಆಳ್ವಿಕೆಯ 1060ರ ಶಾಸನವಿದೆ. ಶ್ರಾವಣ ಸೋಮವಾರಗಳಂದು ಆ ಗುಡಿಯ ಸಾಲಿನಲ್ಲಿ ನಿಲ್ಲುವ ನಮ್ಮವರಿಗೆ, ಆ ಗುಡಿಯ ಕಾಲದ ದೊರೆ ಗೋವೆಯ ಕನ್ನಡ ಅರಸನೊಬ್ಬನ ಮಾವನಾಗಿದ್ದನೆಂಬುದು ತಿಳಿದಿರಲಾರದು. ಮುಂಬಯಿ ಸೀಮೆಗೂ ಕನ್ನಡಕ್ಕೂ ಇರುವ ನಂಟು ಹೋಟೆಲು, ಗಿರಣಿ, ರಾತ್ರಿಶಾಲೆಗಳಿಂದ ಆರಂಭವಾಯಿತೆಂದು ನಾವೇ ಎಷ್ಟೋ ಭಾಷಣಗಳಲ್ಲಿ ಹೇಳಿದ್ದೇವೆ. ಅದಕ್ಕಿಂತ ಹಳೆಯದಾದ ಈ ಬೀಗತನವನ್ನು ಹಡಗು ಕುದುರಿಸಿತ್ತು.

ಆದರೆ ಆ ವಿನೋದ ಎಂಥದು? ಇಲ್ಲಿ ತುಸು ತಡೆದು ನೋಡಬೇಕು. ಕವಡಿದ್ವೀಪವೆಂದರೆ ಯಾವುದೆಂಬ ಬಗ್ಗೆ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಅದು ಶಿಲಾಹಾರರ ಉತ್ತರ ಕೊಂಕಣವೇ ಎಂದವರೂ ಇದ್ದಾರೆ. ಹಾಗಿದ್ದಲ್ಲಿ ಕಥೆಯ ಬಣ್ಣ ಬದಲಾಗುತ್ತದೆ. ಒಬ್ಬ ಅರಸ ನೌಕಾಬಲದೊಡನೆ ಮತ್ತೊಬ್ಬನ ಕರಾವಳಿಯೆದುರು ವಿನೋದದಲ್ಲಿ ಸುಳಿದಾಡುತ್ತಾನೆ. ಆ ಮತ್ತೊಬ್ಬ ಮಗಳನ್ನೂ ಐದು ಲಕ್ಷ ಹೊನ್ನನ್ನೂ ಕೊಡುತ್ತಾನೆ. ಇದು ಬರಿಯ ವಾತ್ಸಲ್ಯವೆಂದು ನಂಬಲು ನಮಗೆ ಕಷ್ಟ. ಮುತ್ತಜ್ಜನ ದಂಡಯಾತ್ರೆಯನ್ನು ಮರಿಮಗನ ಆಸ್ಥಾನದ ಕವಿ ಎರಡು ಮೂರು ತಲೆಮಾರಿನ ಮೇಲೆ ವಿಹಾರವೆಂದು ಕರೆದಿರಬೇಕು ಎಂಬುದು ನಮ್ಮ ಊಹೆ. ಆದರೂ ಆ ಕವಿ ಗೆಲುವನ್ನು ಹೇಳಲು ಆಟದ ಮಾತನ್ನೇ ಆರಿಸಿಕೊಂಡನಲ್ಲ, ಅದು ಮುಖ್ಯ. ಕಡಲಿನ ಮೇಲೆ ತೇಲುವುದರಲ್ಲಿ ಸುಖವಿದೆ, ಅದು ದೊರೆಗೆ ಒಪ್ಪುವ ಸುಖ ಎಂದು ಕೇಳುಗರಿಗೆ ಮೊದಲೇ ಗೊತ್ತಿರದಿದ್ದರೆ ಆ ಮಾತು ಕುಂದೂರಿನ ಬಯಲಿನಲ್ಲಿ ನಾಟುತ್ತಿರಲಿಲ್ಲ.

ಅದೇ ವಂಶದ ಇನ್ನೊಂದು ಪಯಣ ಅಷ್ಟು ಸುಖದ್ದಲ್ಲ. ಒಂದನೆಯ ಜಯಕೇಶಿಯ 1059ರ ತಾಮ್ರಪಟದ ಪ್ರಕಾರ, ಗುಹಲ್ಲದೇವ ಸೋಮನಾಥನ ದರ್ಶನಕ್ಕೆ ಹಡಗಿನಲ್ಲಿ ಹೊರಟಾಗ ನಡುದಾರಿಯಲ್ಲಿ ಹಾಯಿಕಂಬ ಮುರಿಯಿತು. ಆಗ ಆತನಿಗೆ ನೆರವಾದವನು ಮದುಮದನೆಂಬ ಅರಬ ಮೂಲದ ಶ್ರೀಮಂತ ಹಡಗು ವ್ಯಾಪಾರಿ. ಮದುಮದನ ಮೊಮ್ಮಗ ಸದಣ ಮುಂದೆ ಜಯಕೇಶಿಯ ಆಡಳಿತದಲ್ಲಿ ದೊಡ್ಡ ಅಧಿಕಾರಕ್ಕೆ ಬಂದ. ಅವನ ಮಿಜಿಗಿತಿಯ, ಎಂದರೆ ಮಸೀದಿಯ, ನಿರ್ವಹಣೆಗೆ ಬಂದರಿಗೆ ಬರುವ ಹಡಗುಗಳ ಸುಂಕವನ್ನು ಬಿಟ್ಟುಕೊಡಲಾಯಿತು. ಮುರಿದ ಒಂದು ಕಂಬ ಮೂರು ತಲೆಮಾರಿನ ಕೃತಜ್ಞತೆಯನ್ನು ಕಟ್ಟಿತು. ಈ ಬಂದರು ಗೋಪಕಪಟ್ಟಣ. ಇದ್ದದ್ದು ಮಾಂಡವಿಯ ಮೇಲಲ್ಲ, ದಕ್ಷಿಣದ ಜುವಾರಿಯ ದಡದಲ್ಲಿ. ಈ ವ್ಯತ್ಯಾಸವನ್ನು ಬೋಟಿನಲ್ಲೇ ಒಬ್ಬರು ಎತ್ತಿ ತೋರಿಸಿದರು. ಅವರ ಮಾತು ಸರಿ.

ಮಾಂಡವಿಯ ಮೇಲೆ ನಮಗೆ ಬೇರೆ ಹಕ್ಕು ಇದೆಯೋ ಇಲ್ಲವೋ ಎಂಬುದು ಅದೇ ಸಂಜೆಯ ಇನ್ನೊಂದು ಪ್ರಸಂಗ. ನಮ್ಮಲ್ಲೊಬ್ಬರು ನವಲಗುಂದ ತಾಲೂಕಿನವರು. ಮೂವತ್ತು ವರ್ಷದಿಂದ ಮುಂಬಯಿಯಲ್ಲಿದ್ದರೂ ಅಣ್ಣತಮ್ಮಂದಿರು ಊರಲ್ಲೇ ಹೊಲ ನೋಡಿಕೊಂಡಿದ್ದಾರೆ. ಎಲ್ಲರೂ ಕುಣಿಯುವಾಗ ಅವರು ಕಟಕಟೆ ಹಿಡಿದು ನೀರು ನೋಡುತ್ತ ನಿಂತಿದ್ದರು. ಯಾಕೆಂದು ಕೇಳಿದರೆ, "ಇದು ನಮ್ಮ ಮಹದಾಯಿ ಅಲ್ಲೇನ್ರಿ? ಇಲ್ಲಿ ಹೊಳೀಗೆ ದೀಪ ಹಚ್ಚಿ ಕುಣೀತಾರ, ಅಲ್ಲಿ ನಮ್ಮ ಅಣ್ಣ ಟ್ಯಾಂಕರ್ ದಾರಿ ಕಾಯ್ತಾನ" ಎಂದರು. ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಗೋವೆಯಲ್ಲಿ ಮಾಂಡವಿ. ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನರಗುಂದ, ನವಲಗುಂದಗಳ ರೈತರು ವರ್ಷಗಟ್ಟಲೆ ಬೀದಿಯಲ್ಲಿ ಕುಳಿತರು. 2010ರಲ್ಲಿ ನೇಮಕವಾದ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಹಂಚಿತು. ಅದರಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ ಮೀಸಲು. ಮಲಪ್ರಭೆಯ ಕಡೆಗೆ ತಿರುಗಿಸಲು ಸಿಕ್ಕಿದ್ದು 3.9 ಮಾತ್ರ. ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ.

ಅವರ ನೋವು ನಮಗೆ ಅರ್ಥವಾಯಿತು. ಹಾಗೆಯೇ ಗೋವೆಯವರ ಅಂಜಿಕೆಯೂ ಡೆಕ್ಕಿನಿಂದ ಕಾಣುವಂಥದೇ. ಪಣಜಿಯಲ್ಲಿ ಈ ನದಿ ಅರ್ಧ ಕಡಲು. ಉಬ್ಬರದ ಹೊತ್ತಿನಲ್ಲಿ ಉಪ್ಪುನೀರು ಒಳನಾಡಿಗೆ ಬಹುದೂರ ಏರುತ್ತದೆ. ಮೇಲಿನಿಂದ ಸಿಹಿನೀರು ತಗ್ಗಿದಷ್ಟೂ ಆ ಉಪ್ಪು ಇನ್ನೂ ಮೇಲಕ್ಕೆ ಹೋದೀತು ಎಂಬುದು ಅವರ ವಾದ. ಇಬ್ಬರ ಮಾತನ್ನೂ ಒಂದೇ ಬೋಟಿನಲ್ಲಿ ನಿಂತು ಯೋಚಿಸಬೇಕಾಗಿ ಬಂದದ್ದು ಹೊರನಾಡ ಕನ್ನಡಿಗರ ಪಾಡು. ಅಷ್ಟರಲ್ಲಿ ಝಗಝಗಿಸುವ ಜೂಜುಹಡಗೊಂದು ಎದುರಾಗಿ, ಅದರ ಬಣ್ಣದ ಬೆಳಕೆಲ್ಲ ನಮ್ಮ ನವಲಗುಂದದವರ ಬಿಳಿಯಂಗಿಯ ಮೇಲೆ ಬಿತ್ತು. ಅವರು ಒಳಗೆ ಬಂದು ಕುಳಿತರು.

ಆ ಸಂಜೆ ನಮಗೆಲ್ಲರಿಗಿಂತ ಹೆಚ್ಚಾಗಿ ಬೋಟಿನ ಬೆಲೆ ಗೊತ್ತಿದ್ದವರು ಬಳಗದ ಹಿರಿಯರಾದ ಅಕ್ಕ. ಅಂಕೋಲೆಯ ಕಡೆಯವರು. 1968ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದದ್ದು ಇದೇ ನದಿಯಿಂದ ಹೊರಟ ಹಡಗಿನಲ್ಲಿ. ಆಗ ಕಾರವಾರದ ಕಾಳಿ ನದಿಗೂ ಸೇತುವೆಯಿಲ್ಲ, ಜುವಾರಿಗೂ ಇಲ್ಲ. ಪಣಜಿ ಮುಟ್ಟುವುದಕ್ಕೇ ದಾರಿಯಲ್ಲಿ ಹೊಳೆಗಳನ್ನು ದಾಟಬೇಕು. ಪಣಜಿಯಿಂದ ಹಡಗು ಹತ್ತಿದರೆ ವೆಂಗುರ್ಲೆ, ಮಾಲವಣ, ವಿಜಯದುರ್ಗ, ರತ್ನಾಗಿರಿ ಎಂದು ಕೊಂಕಣ ಕರಾವಳಿ ಹಿಡಿದು ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಕಳೆದು ಮುಂಬಯಿಯ ಭಾವೂಚಾ ಧಕ್ಕೆ. ಮಳೆಗಾಲದಲ್ಲಿ ಸಂಚಾರ ಬಂದ್. ಅರವತ್ತರ ದಶಕದಿಂದಾಚೆಗೆ ಈ ದಾರಿಯಲ್ಲಿ ಓಡಿದ ಕೊಂಕಣ ಸೇವಕ, ಕೊಂಕಣ ಶಕ್ತಿ ಹಡಗುಗಳ ಹೆಸರನ್ನು ಹಳೆಯ ಮುಂಬಯಿಗರು ಇಂದಿಗೂ ನೆಂಟರ ಹೆಸರಿನಂತೆ ಹೇಳುತ್ತಾರೆ.

ಅಕ್ಕ ಹೇಳಿದ್ದು ಹೀಗೆ. ಕೆಳಗಿನ ಡೆಕ್ಕಿನಲ್ಲಿ ಜಾಗ; ಚಾಪೆ ಹಾಸಿಕೊಂಡವರದೇ ಮನೆ. ಮೀನಿನ ಬುಟ್ಟಿ, ಹಲಸಿನಹಣ್ಣು, ಟ್ರಂಕು, ಅಳುವ ಮಕ್ಕಳು. ಮೇಲಿನ ಡೆಕ್ಕಿನಲ್ಲಿ ಉದ್ದ ಕೂದಲಿನ ಬಿಳಿಯರು ಗಿಟಾರು ನುಡಿಸುತ್ತಿದ್ದರಂತೆ. ಕತ್ತಲಾದ ಮೇಲೆ ಕೆಳಗೂ ಯಾರೋ ಒಬ್ಬರು ಭಜನೆ ತೆಗೆದರು. ಟ್ರಂಕಿನ ಮೇಲೆ ತಾಳ. ಹೊಸ ಸೊಸೆ ಹಾಡಬೇಕೆಂದು ಅತ್ತೆ ಹೇಳಿದರು, ಹಾಡಲಾಗಲಿಲ್ಲ, ವಾಂತಿಯಾಯಿತು. ಬೆಳಗಾಗುವಾಗ ಎದ್ದು ನೋಡಿದರೆ ಯಾರೋ ಗುರುತಿಲ್ಲದ ಹೆಂಗಸು ತನ್ನ ಸೆರಗನ್ನು ಇವರ ತಲೆಯಡಿಗೆ ಮಡಿಚಿಟ್ಟು ಕೂತೇ ನಿದ್ದೆಹೋಗಿದ್ದಳು. "ಅದರ ನಂತರ ನಾನು ಬೋಟು ಹತ್ತಿದ್ದು ಇವತ್ತೇ" ಎಂದರು ಅಕ್ಕ.

ಆ ತಲೆಮಾರಿಗೆ ಹಡಗೆಂದರೆ ಭಯವೂ ಹೌದು. 1947ರ ಜುಲೈ 17ರಂದು ಭಾವೂಚಾ ಧಕ್ಕೆಯಿಂದ ರೇವಸಿಗೆ ಹೊರಟ ರಾಮದಾಸ ಹಡಗು ಬಿರುಮಳೆಯಲ್ಲಿ ಮಗುಚಿ ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. ಆಷಾಢದ ಗಟಾರಿ ಅಮಾವಾಸ್ಯೆ. ಹಬ್ಬದೂಟಕ್ಕೆ ಮನೆಗೆ ಹೊರಟವರೇ ಅದರಲ್ಲಿ ಬಹಳ. ಹಡಗು ಬರಲಿಲ್ಲವೆಂಬ ಮಾತು ಕೇಳಿ ಬೆಳೆದವರಿಗೆ ವಿಹಾರ ಎಂಬ ಪದ ಸುಲಭವಾಗಿ ಬಾಯಿಗೆ ಬರದು. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಮುಳುಗಿದ್ದು ವಿಹಾರದ ಬೋಟೇ. ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ತುಂಬಿ, ಕತ್ತಲಾಗುವ ಹೊತ್ತಿಗೆ ಹೊರಟು, 22 ಜೀವ ಹೋದವು. ನಮ್ಮ ಬೋಟಿನಲ್ಲಿ ಜೀವರಕ್ಷಕ ಅಂಗಿಗಳನ್ನು ಎಲ್ಲಿಟ್ಟಿದ್ದಾರೆಂದು ಕೇಳಿದ್ದು ಇಪ್ಪತ್ಮೂರು ಜನರಲ್ಲಿ ಅಕ್ಕ ಒಬ್ಬರೇ. ಕುರ್ಚಿಗಳ ಹಿಂದೆ ಕಟ್ಟಿಟ್ಟಿದ್ದರು.

ಕರಾವಳಿಯ ನೀರವಿಹಾರಗಳಲ್ಲಿ ನಮಗೆ ಅತ್ಯಂತ ಪ್ರಿಯವಾದದ್ದು ಧ್ವನಿಪೆಟ್ಟಿಗೆಯಿಲ್ಲದ್ದು. ತರುಣ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದಾಗ, ಒಂದು ಬೆಳದಿಂಗಳ ಸಂಜೆ ಮನೆಯವರೆಲ್ಲ ಸಣ್ಣ ಹಾಯಿದೋಣಿಯಲ್ಲಿ ಕಾಳಿ ನದಿಯ ಮೇಲ್ಮುಖವಾಗಿ ಹೋದರು. ದಾರಿಯಲ್ಲಿ ಇಳಿದು ಶಿವಾಜಿಯ ಕಾಲದ ಗುಡ್ಡದ ಕೋಟೆ ನೋಡಿದರು, ರೈತನೊಬ್ಬನ ಚೊಕ್ಕಟವಾದ ಅಂಗಳದಲ್ಲಿ ಕೂತು ಊಟ ಮಾಡಿದರು. ಹಿಂದಿರುಗುವಾಗ ದೋಣಿಯನ್ನು ಹರಿವಿಗೆ ಬಿಟ್ಟರು. ಅಳಿವೆ ಮುಟ್ಟುವಾಗ ರಾತ್ರಿ ಬಹಳವಾಗಿತ್ತು. ಕಡಲಿಗೆ ಹೋಗದೆ ಅಲ್ಲೇ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದರು. ಕಡಲಿನಲ್ಲಿ ಅಲೆಯಿರಲಿಲ್ಲ, ಗಾಳಿಮರಗಳು ಸದ್ದು ಮಾಡಲಿಲ್ಲ ಎಂಬಂಥ ವಿವರಗಳನ್ನು ಠಾಕೂರರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅದೇ ಕಾಳಿ ನದಿಗೆ ನೂರು ವರ್ಷದ ಮೇಲೆ ಕಟ್ಟಿದ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು.

ಗೋವೆ-ಮುಂಬಯಿ ಹಡಗುಗಳು ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಣ್ಮರೆಯಾದವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಅವುಗಳ ಕೊರತೆ ಯಾರಿಗೂ ಕಾಡಲಿಲ್ಲ. ಊರಿಗೆ ಹೋಗುವ ದಾರಿಯಾಗಿದ್ದ ನೀರು ಟಿಕೇಟು ಕೊಟ್ಟು ಒಂದು ಗಂಟೆ ತೇಲುವ ಜಾಗವಾಯಿತು. ಇದಕ್ಕೆ ಮರುಗಬೇಕೇ ಎಂದು ಬಳಗದಲ್ಲಿ ಆಮೇಲೆ ಚರ್ಚೆಯಾಯಿತು. ಅಕ್ಕ ಮಾತ್ರ ಖಡಾಖಂಡಿತವಾಗಿ, ಮರುಗುವವರು ಕೆಳಗಿನ ಡೆಕ್ಕಿನಲ್ಲಿ ಒಂದು ರಾತ್ರಿ ಮಲಗಿ ನೋಡಲಿ ಎಂದುಬಿಟ್ಟರು.

ಹೆಂಗಸರ ಸರದಿ ಬಂದಾಗ ಅಕ್ಕನೂ ಎದ್ದರು. ಕುಣಿಯಲಿಲ್ಲ, ವೇದಿಕೆಯ ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು. ದೂರದಲ್ಲಿ ನದಿ ಕಡಲು ಸೇರುವ ಕಡೆ ಇನ್ನೂ ತುಸು ಕೆಂಪಿತ್ತು. ಬೋಟು ಅಲ್ಲಿಂದಲೇ ತಿರುಗಿತು.

ಮರುದಿನ ಬೆಳಿಗ್ಗೆ ಮಡಗಾಂವಿನಿಂದ ರೈಲು ಹಿಡಿದೆವು. ಅದರ ಹೆಸರೂ ಮಾಂಡವಿ ಎಕ್ಸ್‌ಪ್ರೆಸ್ಸೇ. ದಾರಿಯುದ್ದಕ್ಕೂ ಶಾಸನದ ಮಾತು ನಡೆಯಿತು. ರಾತ್ರಿ ಠಾಣೆಯಲ್ಲಿ ಅರ್ಧ ಬಳಗ ಇಳಿಯುವಾಗ ನವಲಗುಂದದವರು ಪ್ಲಾಟ್‌ಫಾರ್ಮಿನ ಆ ಕಡೆ ಈ ಕಡೆ ನೋಡಿ, "ಐದು ಲಕ್ಷ ಹೊನ್ನು ಹಿಡ್ಕೊಂಡು ಯಾರೂ ನಿಂತಿಲ್ಲಲ್ರಿ" ಎಂದರು. ಹಿಂದಿನ ಸಂಜೆಯಿಂದ ಅವರು ನಕ್ಕದ್ದು ಅದೇ ಮೊದಲು.